ನಾಡಿ ನಿಂತಾಗ ಮೆದುಳಿನ ಮೀಟರ್ ಯಾವುದು?

ಯಾರಿಗಾದರೂ ಹೃದಯ ನಿಂತ್ರೆ ಎಲ್ಲರ ಕಣ್ಣು ಎದೆ ಮೇಲೆ ಹೋಗತ್ತೆ. ಆದರೆ ಸಿಪಿಆರ್ ಮಾಡುವಾಗ ಗಡಿಯಾರ ಓಡ್ತಾ ಇರೋದು ಮೆದುಳಿಗೆ. ಹೃದಯವನ್ನು ಹತ್ತಿಪ್ಪತ್ತು ನಿಮಿಷ ಆದ ಮೇಲೂ ಕೆಲವೊಮ್ಮೆ ಮತ್ತೆ ಶುರು ಮಾಡಬಹುದು. ಮೆದುಳು ಅಷ್ಟು ಹೊತ್ತು ಕಾಯಲ್ಲ. ಹಾಗಾದ್ರೆ ಆ ನಿಮಿಷಗಳಲ್ಲಿ ಮೆದುಳಿನೊಳಗೆ ಏನು ನಡೀತಿದೆ ಅಂತ ನೋಡೋಕೆ ಸಾಧ್ಯವಾ? ಸಾಧ್ಯ ಇದೆ. ಅದು ಹೇಗೆ, ಮತ್ತು ಅದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರದಲ್ಲಿರುವ ನಮಗೆ ಏನು ಪಾಠ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸೋಣ

ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ದ್ರಾಕ್ಷಿ ತೋಟದ ಭಾಷೆಯಲ್ಲಿ ಹೇಳೋದಾದ್ರೆ, ಡ್ರಿಪ್ ಪೈಪ್ ಒಂದು ಕಡೆ ಕಟ್ಟಿಕೊಂಡು ಕೆಲವು ಸಾಲಿಗೆ ನೀರು ಹೋಗದೇ ಇದ್ರೆ ಅದು ಹಾರ್ಟ್ ಅಟ್ಯಾಕ್. ಮೋಟರೇ ನಿಂತು ಇಡೀ ತೋಟಕ್ಕೆ ನೀರು ಬಂದ್ ಆದ್ರೆ ಅದು ಕಾರ್ಡಿಯಾಕ್ ಅರೆಸ್ಟ್. ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಬಹುದು, ಆದರೆ ಎರಡೂ ಒಂದೇ ಅಲ್ಲ. ಅಟ್ಯಾಕ್ ಆದವರು ಸಾಮಾನ್ಯವಾಗಿ ಮಾತಾಡ್ತಾರೆ, ಎದೆ ನೋವು ಅಂತಾರೆ. ಅರೆಸ್ಟ್ ಆದವರು ಕುಸಿದು ಬೀಳ್ತಾರೆ.

ನಮ್ಮ ಮೆದುಳು ದೇಹದ ತೂಕದ ಸುಮಾರು 2% ಮಾತ್ರ, ಆದರೆ ಸುಮಾರು 20% ಆಮ್ಲಜನಕ ಅದಕ್ಕೇ ಬೇಕು. ಉಳಿತಾಯ ಖಾತೆ ಅಂತ ಅದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಕ್ತ ನಿಂತ ಸುಮಾರು 10 ಸೆಕೆಂಡಿಗೆ ಪ್ರಜ್ಞೆ ಹೋಗತ್ತೆ. ಅರ್ಧ ನಿಮಿಷದೊಳಗೆ ಮೆದುಳಿನ ವಿದ್ಯುತ್ ಅಲೆಗಳು ಸಪಾಟಾಗ್ತವೆ. 4ರಿಂದ 6 ನಿಮಿಷಕ್ಕೆ ಶಾಶ್ವತ ಹಾನಿ ಶುರುವಾಗಬಹುದು. ಚೆನ್ನಾಗಿ ಮಾಡಿದ ಸಿಪಿಆರ್ ಕೂಡ ಸಾಮಾನ್ಯ ರಕ್ತಹರಿವಿನ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ಕೊಡತ್ತೆ. ಆ ಒಂದು ಪಾಲೇ ಮೆದುಳನ್ನು ಹಿಡಿದಿಟ್ಟುಕೊಳ್ಳೋದು.

ಬೆರಳಿನ ಮೀಟರ್ ಯಾಕೆ ಸೋಲತ್ತೆ?

ಕೋವಿಡ್ ಟೈಮಲ್ಲಿ ಪಲ್ಸ್ ಆಕ್ಸಿಮೀಟರ್ ಎಲ್ಲರ ಮನೆಗೂ ಬಂತು. ಇದರ ಮೂಲ ಐಡಿಯಾ 1974ರಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ ಅವರದು. ಒಂದು ಕೆಂಪು ಬೆಳಕು, ಒಂದು ಅವಗೆಂಪು ಬೆಳಕು ಬೆರಳಿನ ಮೂಲಕ ಹೋಗ್ತವೆ. ನಾಡಿ ಬಡಿದಾಗಲೆಲ್ಲ ಹೀರಿಕೆ ಸ್ವಲ್ಪ ಏರಿಳಿಯತ್ತೆ. ಆ ಏರಿಳಿತವನ್ನೇ ಹಿಡಿದು ಅದು ಲೆಕ್ಕ ಹಾಕತ್ತೆ. ನಾಡಿಯೇ ಇಲ್ಲ ಅಂದ್ರೆ ಏರಿಳಿತ ಇಲ್ಲ, ಸಿಗ್ನಲ್ ಇಲ್ಲ. ಅಂದ್ರೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕೈ ಕೊಡತ್ತೆ.

ಇದಕ್ಕೆ ಇನ್ನೊಂದು ದಾರಿ 1977ರಲ್ಲಿ ಸಿಕ್ಕಿತು. ಫ್ರಾನ್ಸ್ ಯೋಬ್ಸಿಸ್ ಅನ್ನೋ ವಿಜ್ಞಾನಿ, ಸುಮಾರು 700ರಿಂದ 900 ನ್ಯಾನೋಮೀಟರ್ ತರಂಗಾಂತರದ ಬೆಳಕು ಚರ್ಮ, ಮೂಳೆ ದಾಟಿ ಮೆದುಳಿನ ತನಕ ಹೋಗಿ ವಾಪಸ್ ಬರತ್ತೆ ಅಂತ ತೋರಿಸಿದರು. ಇದೇ ತತ್ವದ ಮೇಲೆ ಇವತ್ತಿನ ಸೆರೆಬ್ರಲ್ ಆಕ್ಸಿಮೀಟರ್ ಕೆಲಸ ಮಾಡತ್ತೆ. ಹಣೆಗೆ ಒಂದು ಪಟ್ಟಿ ಅಂಟಿಸ್ತಾರೆ. ಅದರಲ್ಲಿ ಒಂದು ಬೆಳಕಿನ ಮೂಲ, ಬೇರೆ ಬೇರೆ ದೂರದಲ್ಲಿ ಎರಡು ಡಿಟೆಕ್ಟರ್. ಹತ್ತಿರದ ಡಿಟೆಕ್ಟರಿಗೆ ಬಂದ ಬೆಳಕು ಹೆಚ್ಚಾಗಿ ಚರ್ಮ ಮತ್ತು ಬುರುಡೆ ನೋಡಿ ಬಂದದ್ದು. ದೂರದ್ದಕ್ಕೆ ಬಂದದ್ದು ಆಳಕ್ಕೆ ಹೋಗಿ ಬಂದದ್ದು. ಮೇಲ್ಪದರದ ಪಾಲನ್ನು ಕಳೆದ್ರೆ ಮೆದುಳಿನ ಹೊರಪದರದ ಆಮ್ಲಜನಕದ ಅಂದಾಜು ಸಿಗತ್ತೆ. ಇದಕ್ಕೆ ನಾಡಿ ಬೇಕಿಲ್ಲ. ಸಾಮಾನ್ಯವಾಗಿ 60–80% ಇರೋ ಈ ಸಂಖ್ಯೆ ಅರೆಸ್ಟ್ ಆದಾಗ ಕುಸಿಯತ್ತೆ, ಒಳ್ಳೆ ಸಿಪಿಆರ್ ಸಿಕ್ಕರೆ ನಿಧಾನವಾಗಿ ಮೇಲೇರತ್ತೆ.

ಇತಿಮಿತಿನೂ ಇದೆ. ಚರ್ಮದ ಮೆಲನಿನ್ ಕೂಡ ಬೆಳಕು ಹೀರತ್ತೆ. ಬಿಸಿಲಲ್ಲಿ ದುಡಿಯೋ ನಮ್ಮ ಕಡೆಯವರ ಹಣೆಗೆ ತಕ್ಕಂತೆ ಯಂತ್ರವನ್ನು ಪರೀಕ್ಷಿಸಿ ಹೊಂದಿಸೋದು ಒಳ್ಳೆ ಎಂಜಿನಿಯರಿಂಗ್ ಪ್ರಶ್ನೆ.

2 ಹರ್ಟ್ಜ್ ಸಮಸ್ಯೆ

ಎರಡನೇ ಸಾಧನ ಇಇಜಿ. ಇದು ನೆತ್ತಿಯ ಮೇಲಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ಓದತ್ತೆ. ಆದರೆ ಇಲ್ಲಿ ನಮ್ಮ ಸಿಗ್ನಲ್ಸ್ ಕ್ಲಾಸಿಗೆ ಹೇಳಿ ಮಾಡಿಸಿದ ಒಂದು ತೊಡಕಿದೆ. ನಿಮಿಷಕ್ಕೆ 120 ಸಲ ಎದೆ ಒತ್ತೋದು ಅಂದ್ರೆ 2 ಹರ್ಟ್ಜ್. ಮೆದುಳಿನ ಡೆಲ್ಟಾ ಅಲೆಗಳು ಸುಮಾರು 0.5ರಿಂದ 4 ಹರ್ಟ್ಜ್. ಅಂದ್ರೆ ಗದ್ದಲ ಮತ್ತು ಸಿಗ್ನಲ್ ಎರಡೂ ಒಂದೇ ಮನೆಯಲ್ಲಿ ಕೂತಿವೆ. ಸುಮ್ನೆ ಒಂದು ಫಿಲ್ಟರ್ ಹಾಕಿದ್ರೆ ಗದ್ದಲದ ಜೊತೆ ಸಿಗ್ನಲ್ಲೂ ಹೋಗತ್ತೆ. ಅದಕ್ಕೆ ವೈದ್ಯರು ನಾಡಿ ನೋಡೋಕೆ ನಿಲ್ಲಿಸುವ ಕೆಲವೇ ಸೆಕೆಂಡುಗಳಲ್ಲಿ ಅಲೆಗಳನ್ನು ಓದ್ತಾರೆ.

ಹೀಗೆ ಓದಿದಾಗ ಏನು ಕಂಡಿತು? ಸ್ಯಾಮ್ ಪಾರ್ನಿಯಾ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಯೊಳಗೇ ಅರೆಸ್ಟ್ ಆದ 567 ಜನ ಇದ್ದರು. ಬದುಕಿ ಮನೆಗೆ ಹೋದವರು 53. ಅಳತೆ ಮಾಡಿದವರಲ್ಲಿ ಮೆದುಳಿನ ಆಮ್ಲಜನಕ ಸರಾಸರಿ 43% ಮಾತ್ರ. ಆದರೂ ಕೆಲವರಲ್ಲಿ ಸಿಪಿಆರ್ ಶುರುವಾಗಿ 35ರಿಂದ 60 ನಿಮಿಷ ಆದಾಗಲೂ ಸಹಜವಾದ ಅಲೆಗಳು ಮತ್ತೆ ಕಾಣಿಸಿಕೊಂಡವು. ಇದರಿಂದ 'ಎಲ್ಲರೂ ಒಂದು ಗಂಟೆ ಆದ ಮೇಲೂ ಬದುಕ್ತಾರೆ' ಅಂತ ಅರ್ಥ ಅಲ್ಲ. ಸತತವಾಗಿ ರಕ್ತ ತಳ್ಳುತ್ತಾ ಇದ್ದರೆ ಸಪಾಟಾದ ಮೆದುಳು ಕೂಡ ಕೆಲವೊಮ್ಮೆ ಮತ್ತೆ ಎದ್ದೇಳತ್ತೆ ಅಂತ ಮಾತ್ರ ಅರ್ಥ. ಒಂದೇ ಒಂದು ಮೀಟರಿನ ಸಂಖ್ಯೆ ನೋಡಿ ವೈದ್ಯರು ಪ್ರಯತ್ನ ಕೈಬಿಡೋದಿಲ್ಲ, ಬಿಡಬಾರದು.

20 ಕಿಲೋಮೀಟರಿನ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ., ಬಬಲೇಶ್ವರ ಅದಕ್ಕಿಂತ ಸ್ವಲ್ಪ ಜಾಸ್ತಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಬಂದ್ರೂ 20 ನಿಮಿಷ. ಸಿಪಿಆರ್ ಇಲ್ಲದಿದ್ದರೆ ಬದುಕೋ ಸಾಧ್ಯತೆ ಪ್ರತಿ ನಿಮಿಷಕ್ಕೆ 7–10% ಇಳಿಯತ್ತೆ ಅನ್ನೋದು ಒಪ್ಪಿಕೊಂಡ ಲೆಕ್ಕ. ಗುಣಾಕಾರ ಮಾಡಿ ನೋಡಿ, ಉತ್ತರ ಖುಷಿ ಕೊಡಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಈ ವಿಷಯ ಮನೆಮನೆಯ ಮಾತಾಯ್ತು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳ್ತಾರೆ, ರಕ್ತದ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗತ್ತೆ. ಹಾರ್ಟ್ ಅಟ್ಯಾಕಿಗೆ ಇದು ದೊಡ್ಡ ಆಸರೆ. ಆದರೆ ಮೋಟರ್ ಪೂರ್ತಿ ನಿಂತವರಿಗೆ ಆಸ್ಪತ್ರೆ ತಲುಪುವ ತನಕ ಇರೋದು ಪಕ್ಕದಲ್ಲಿದ್ದವರ ಕೈ ಮಾತ್ರ.

'ಉಸಿರು ಐತಿ' ಅನ್ನೋ ಮೋಸ

ಹಾಗಾದ್ರೆ ಹೊಲದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮೆದುಳಿನ ಮೀಟರ್ ಯಾವುದು? ನಮ್ಮ ಕಣ್ಣು. ಅದಕ್ಕೆ ಎರಡೇ ಪ್ರಶ್ನೆ: ಭುಜ ತಟ್ಟಿ ಕರೆದ್ರೆ ಸ್ಪಂದಿಸ್ತಾರಾ? ಉಸಿರು ಸಹಜವಾಗಿದೆಯಾ?

ಎರಡನೇ ಪ್ರಶ್ನೆಯಲ್ಲಿ ಜನ ಮೋಸ ಹೋಗ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಬಾಯಿ ತೆರೆದು, ಗೊರಕೆ ಹೊಡೆದ ಹಾಗೆ, ಬಿಟ್ಟು ಬಿಟ್ಟು ಉಸಿರು ಎಳೀತಾರೆ. ಸುತ್ತ ನಿಂತವರು 'ಏ, ಉಸಿರು ಐತಿ, ನೀರು ತರ್ರಿ' ಅಂತಾರೆ. ಅದು ಉಸಿರಾಟ ಅಲ್ಲ. ಅದು ಮೆದುಳಿನ ಕಾಂಡ, ಅಂದ್ರೆ ಮೆದುಳಿನ ಬುಡದ ಭಾಗ, ಕೊನೆಯದಾಗಿ ಒದ್ದಾಡ್ತಿರೋ ಗುರುತು. ಅದೇ ಹೊತ್ತಿಗೆ ಅದು ಒಳ್ಳೆ ಸುದ್ದಿನೂ ಹೌದು, ಮೆದುಳು ಇನ್ನೂ ಪೂರ್ತಿ ಸೋತಿಲ್ಲ. ಆ ಕ್ಷಣದಲ್ಲಿ ನೀರು ಕುಡಿಸೋದಲ್ಲ, ಎದೆ ಒತ್ತೋದು ಬೇಕು.

ಕ್ರಮ ಹೀಗೆ:

1. 10 ಸೆಕೆಂಡಿನೊಳಗೆ ನಿರ್ಧರಿಸಿ. ಸ್ಪಂದನೆ ಇಲ್ಲ, ಸಹಜ ಉಸಿರು ಇಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ.

2. ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಜೋಡಿಸಿ, 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 120ರಂತೆ ಒತ್ತಿ. ತರಬೇತಿ ಇಲ್ಲದ ನಮ್ಮಂಥವರಿಗೆ ಭಾರತೀಯ ಮಾರ್ಗಸೂಚಿ ಹೇಳೋದು ಇಷ್ಟೇ, ಬಾಯಿಗೆ ಬಾಯಿಟ್ಟು ಊದೋ ಅಗತ್ಯ ಇಲ್ಲ.

3. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲಿ. ಆಗಲೇ ಹೃದಯ ಮತ್ತೆ ತುಂಬಿಕೊಳ್ಳೋದು.

4. ಸುಸ್ತಾದ್ರೆ ಒತ್ತಿನ ಆಳ ಕಡಿಮೆಯಾಗತ್ತೆ. 2 ನಿಮಿಷಕ್ಕೊಮ್ಮೆ ಜನ ಬದಲಾಗಿ, ನಡುವೆ ಗ್ಯಾಪ್ ಬಿಡಬೇಡಿ.

5. ಎಇಡಿ ಯಂತ್ರ ಹತ್ತಿರ ಇದ್ರೆ ತರಿಸಿ, ಅದು ಹೇಳಿದಂತೆ ಮಾಡಿ.

6. ಅವರು ಎಚ್ಚರಾಗಿ ಸಹಜವಾಗಿ ಉಸಿರಾಡುವ ತನಕ, ಅಥವಾ ಸಹಾಯ ಬರುವ ತನಕ ನಿಲ್ಲಿಸಬೇಡಿ.

ಕೊನೆಗೆ ಒಂದು ಮಾತು. ಎದೆ ಒತ್ತುವ ವಿಧಾನವನ್ನು 1960ರಲ್ಲಿ ಜಗತ್ತಿಗೆ ತಿಳಿಸಿದ ಮೂವರಲ್ಲಿ ವಿಲಿಯಂ ಕೌವೆನ್‌ಹೋವೆನ್ ಎಲೆಕ್ಟ್ರಿಕಲ್ ಎಂಜಿನಿಯರ್, ಗೈ ನಿಕರ್‌ಬಾಕರ್ ಆಗ ಅವರ ಕೈಕೆಳಗಿನ ವಿದ್ಯಾರ್ಥಿ. ಶಾಕ್ ಕೊಡೋ ಪ್ಯಾಡಲ್‌ಗಳನ್ನು ಎದೆ ಮೇಲೆ ಬಲವಾಗಿ ಒತ್ತಿದಾಗಲೇ ರಕ್ತದೊತ್ತಡ ಏರೋದನ್ನು ಅವರು ಪ್ರಯೋಗಾಲಯದಲ್ಲಿ ಗಮನಿಸಿದ್ದರು. ಹಾಗಾಗಿ ಇದು ಮೆಡಿಕಲ್‌ನವರ ವಿಷಯ, ನಮಗೇನು ಅಂತ ನಾವು ಹೇಳೋ ಹಾಗಿಲ್ಲ. ಮುಂದೊಂದು ದಿನ 2 ಹರ್ಟ್ಜ್ ಸಮಸ್ಯೆಗೆ ನಮ್ಮಲ್ಲೇ ಯಾರಾದರೂ ಫಿಲ್ಟರ್ ಬರೀಬಹುದು. ಅಲ್ಲಿಯ ತನಕ, ಉಸಿರಾಟಕ್ಕೂ ಒದ್ದಾಟಕ್ಕೂ ಇರೋ ವ್ಯತ್ಯಾಸವನ್ನು ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯವರಿಗೆ ಹೇಳಿಕೊಡೋಣ.