ಇ-ಇನ್‌ವಾಯ್ಸ್: ಲೆಕ್ಕದ ತಂತ್ರಾಂಶ ಮತ್ತು ಸರ್ವರ್‌ಗಳ ಜೋಡಣೆ

ಜಿ.ಎಸ್.ಟಿ. ಅಡಿಯಲ್ಲಿ ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟುದಾರರಿಗೆ ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ ಈ ಮಿತಿಯು 5 ಕೋಟಿ ರೂ.ಗಳಿಗೆ ಇಳಿದಿದೆ. 2017-18ರಿಂದೀಚೆಗೆ ಯಾವುದೇ ಒಂದು ವರ್ಷ ಈ ಮಿತಿ ದಾಟಿದ್ದರೂ ಸಾಕು. ಆದ್ದರಿಂದ ಬೀದರ, ಭಾಲ್ಕಿ, ಔರಾದಗಳ ಮಧ್ಯಮ ವರ್ತಕರೂ ತಯಾರಕರೂ ಇದರ ಕಾರ್ಯವಿಧಾನವನ್ನು ಅರಿತಿರುವುದು ಅವಶ್ಯ.

ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆದಿರಬೇಕು ಎಂಬ ಪ್ರಶ್ನೆ ಸಹಜ. ಜಾವಾ, ಸಿ-ಶಾರ್ಪ್, ಪಿ.ಎಚ್.ಪಿ., ಪೈಥಾನ್ ಯಾವುದಾದರೂ ಆಗಬಹುದು. ಮನೆಮಾತು ಯಾವುದಿದ್ದರೂ ಬ್ಯಾಂಕಿನ ಚಲನ್ನಿನ ಅಂಕಣಗಳು ಒಂದೇ ಆಗಿರುವಂತೆ, ಸರ್ವರ್ ನೋಡುವುದು ಸಂದೇಶದ ನಮೂನೆಯನ್ನು ಮಾತ್ರ. ಈ ನಮೂನೆಗೆ ಜೇಸನ್ ಎಂದು ಹೆಸರು.

ಜೋಡಣೆಯಲ್ಲಿ ಮೂರು ಹಂತಗಳಿವೆ:

1. ತಂತ್ರಾಂಶವು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಸಲ್ಲಿಸಿ, ನಿಗದಿತ ಅವಧಿಯ ಟೋಕನ್ ಪಡೆಯುತ್ತದೆ.
2. ಟೋಕನ್ನಿನೊಡನೆ ಬಿಲ್ಲಿನ ವಿವರಗಳನ್ನು ಕಳುಹಿಸುತ್ತದೆ.
3. ಸರ್ವರ್ ಪರಿಶೀಲಿಸಿ, 64 ಅಕ್ಷರಗಳ ಐ.ಆರ್.ಎನ್. ಹಾಗೂ ಕ್ಯೂ.ಆರ್. ಸಂಕೇತವನ್ನು ಮರಳಿಸುತ್ತದೆ.

ಮೂರನೆಯ ಹಂತವೇ ಮುಖ್ಯವಾದುದು. ಇ-ಇನ್‌ವಾಯ್ಸ್ ಅನ್ವಯಿಸುವ ವ್ಯವಹಾರದಲ್ಲಿ ಐ.ಆರ್.ಎನ್. ಇಲ್ಲದ ಬಿಲ್ಲು ನಿಯಮ 48(5)ರ ಪ್ರಕಾರ ಇನ್‌ವಾಯ್ಸ್ ಎನಿಸುವುದಿಲ್ಲ. ಖರೀದಿದಾರರ ತೆರಿಗೆ ಜಮೆಗೂ ತೊಡಕಾಗುತ್ತದೆ.

ಉದಾಹರಣೆಗೆ, ಭಾಲ್ಕಿಯ ತಯಾರಕರೊಬ್ಬರು ಉದಗೀರದ ವ್ಯಾಪಾರಿಗೆ 118ನೇ ಬಿಲ್ಲು ಮಾಡುತ್ತಾರೆಂದು ಭಾವಿಸೋಣ. ಸಂದೇಶ ಸರ್ವರ್ ತಲುಪಿದೆ. ಉತ್ತರ ಬರುವ ಮುನ್ನ ಇಂಟರ್‌ನೆಟ್ ಕಡಿತವಾಗಿದೆ. ಲಾರಿ ಹೊರಡುವ ಅವಸರದಲ್ಲಿ ಗುಮಾಸ್ತರು ಅದೇ ಮಾಲಿಗೆ 119ನೇ ಬಿಲ್ಲು ಕಳುಹಿಸಿದರೆ, ಸರ್ವರ್ ಅದನ್ನು ಎರಡನೆಯ ಮಾರಾಟವೆಂದೇ ದಾಖಲಿಸುತ್ತದೆ. ಎರಡೂ ಜಿ.ಎಸ್.ಟಿ.ಆರ್.-1ರಲ್ಲಿ ಬಂದು, ಒಂದೇ ಮಾಲಿಗೆ ಎರಡು ಬಾರಿ ತೆರಿಗೆ ಹೊಣೆ ತೋರುತ್ತದೆ. 118ನ್ನೇ ಮತ್ತೆ ಕಳುಹಿಸಿದ್ದರೆ ಅಪಾಯವಿರುತ್ತಿರಲಿಲ್ಲ. ಐ.ಆರ್.ಎನ್. ರಚನೆಯಾಗುವುದು ಮಾರಾಟಗಾರರ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ ಈ ನಾಲ್ಕರಿಂದ. ಇವು ನಾಲ್ಕೂ ಒಂದೇ ಆದಾಗ ಸರ್ವರ್ ನಕಲೆಂದು ಗುರುತಿಸಿ ತಿರಸ್ಕರಿಸುತ್ತದೆ.

ಆದುದರಿಂದ ವ್ಯಾಪಾರಸ್ಥ ಬಾಂಧವರು ಗಮನಿಸತಕ್ಕ ಅಂಶಗಳು: ಉತ್ತರ ಬಾರದಿದ್ದರೆ ಸಂಖ್ಯೆ ಬದಲಿಸದೆ ಮೊದಲು ಪೋರ್ಟಲ್‌ನಲ್ಲಿ ಪರಿಶೀಲಿಸಬೇಕು. ಬಂದ ಉತ್ತರವನ್ನು ತಂತ್ರಾಂಶದಲ್ಲಿ ಬಿಲ್ಲಿನೊಡನೆಯೇ ಉಳಿಸಬೇಕು. ತಪ್ಪು ಬಿಲ್ಲನ್ನು 24 ಗಂಟೆಯೊಳಗೆ ರದ್ದುಪಡಿಸಬಹುದು. ಅದಕ್ಕೆ ಇ-ವೇ ಬಿಲ್ ಆಗಿದ್ದರೆ ಮೊದಲು ಅದನ್ನು ರದ್ದುಗೊಳಿಸಬೇಕು. ರದ್ದಾದ ಸಂಖ್ಯೆಯನ್ನು ಪುನಃ ಬಳಸುವಂತಿಲ್ಲ. ತಂತ್ರಾಂಶ ಕೊಳ್ಳುವಾಗ, ಉತ್ತರ ಬಾರದ ಸಂದರ್ಭದಲ್ಲಿ ಅದು ಏನು ಮಾಡುತ್ತದೆಂಬುದನ್ನು ಮಾರಾಟಗಾರರಿಂದ ಮೊದಲೇ ಕೇಳಿ ತಿಳಿದುಕೊಳ್ಳುವುದು ಹಿತಕರ.