ಮಾಲೆ ತೆಗೆದ ಮೇಲಿನ ಸಂಜೆಗಳು

*ನನಗೆ 44 ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ಸಂಜೆ ಎರಡು ಕ್ವಾರ್ಟರ್ ಬೇಕೇ ಬೇಕು. ಈಗೀಗ ಬೆಳಿಗ್ಗೆ ಸಹಿ ಹಾಕುವಾಗ ಕೈ ನಡುಗುತ್ತದೆ. ಅಯ್ಯಪ್ಪ ಮಾಲೆ ಹಾಕಿದ ವರ್ಷಗಳಲ್ಲಿ 41 ದಿನ ಒಂದು ಹನಿ ಮುಟ್ಟಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರು. ಕುಡಿತ ಬಿಟ್ಟವರ ಸಭೆಗೆ ಹೋಗು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಅಲ್ಲಿ ಏನು ಮಾಡುತ್ತಾರೆ? ನಮ್ಮೂರಿನವರು ಕಂಡರೆ ಮಾನ ಹೋಗುವುದಿಲ್ಲವೇ? ಮನೆಯವಳು ಸಾರಿಗೆ ಏನೋ ಪುಡಿ ಬೆರೆಸುತ್ತಿದ್ದಾಳೆಂಬ ಗುಮಾನಿ ಬೇರೆ.*
*— ಹೆಸರು ಬೇಡ, ತುಮಕೂರು ಜಿಲ್ಲೆ*

ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು ಆ 41 ದಿನಗಳ ಹತ್ತಿರ. ನೀವದನ್ನು ಸೋಲಿನ ಲೆಕ್ಕಕ್ಕೆ ಬರೆದಿದ್ದೀರಿ. ಆ ದಿನಗಳಲ್ಲಿ ಸಂಜೆ ಏಳಾದರೆ ಎಲ್ಲಿರುತ್ತಿದ್ದಿರಿ, ನೆನಪಿಸಿಕೊಳ್ಳಿ. ಭಜನೆಯಲ್ಲಿ. ಸುತ್ತ ಹತ್ತಿಪ್ಪತ್ತು ಸ್ವಾಮಿಗಳು, ಮೇಲೆ ಗುರುಸ್ವಾಮಿಯ ಕಣ್ಣು. ಭಕ್ತಿಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಬಾರಿಗೆ ಹೊರಡುವ ಹೊತ್ತಿಗೆ ನಿಮ್ಮ ದಾರಿ ಕಾಯುವ ಬೇರೊಂದು ಜಾಗವಿತ್ತು. ಮಾಲೆಯ ಜೊತೆ ಆ ಜನರೂ ಕಳಚಿಹೋದರು. ಏಳು ಗಂಟೆ ಮಾತ್ರ ದಿನಾ ಬರುತ್ತಲೇ ಇತ್ತು.

ನಿಮ್ಮ ಸ್ನೇಹಿತರು ಹೇಳಿದ ಸಭೆಯೂ ಅಂಥದೇ ಸಂಜೆಯ ಜಾಗ. ಇದಕ್ಕೆ ಮುಗಿಯುವ ತಾರೀಕಿಲ್ಲ.

ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಕೈ ನಡುಗುತ್ತದೆ ಎಂದರೆ ಮೈ ಮದ್ಯಕ್ಕೆ ಒಗ್ಗಿಹೋಗಿದೆ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣಿಸಿ, ಬುದ್ಧಿ ತಪ್ಪಿ, ಪ್ರಾಣಕ್ಕೇ ಕುತ್ತಾಗಬಹುದು. ಹಿಂದೆ ಮಾಲೆ ಹಾಕಿದಾಗ ಸಲೀಸಾಗಿ ಬಿಟ್ಟಿದ್ದೆ ಎಂಬ ಧೈರ್ಯ ಬೇಡ. ಬಿಡುವುದು, ಮತ್ತೆ ಹಿಡಿಯುವುದು ಹೀಗೇ ನಡೆದರೆ ಪ್ರತಿ ಸಲವೂ ಬಿಡುವಾಗಿನ ಬಾಧೆ ಹೆಚ್ಚುವುದುಂಟು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಈ ಹಂತ ದಾಟಿಸುತ್ತಾರೆ. ಸಾರಿನ ಪುಡಿಯ ಗುಮಾನಿಯನ್ನೂ ಅಲ್ಲೇ ಹೇಳಿ. ಡೈಸಲ್ಫಿರಾಂ ಎಂಬ ಔಷಧವನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಅದನ್ನೇ ಕದ್ದು ಬೆರೆಸಿದ್ದು, ತಿಂದವರು ಅರಿಯದೆ ಕುಡಿದರೆ, ವಾಂತಿಯಾಗಿ ರಕ್ತದೊತ್ತಡ ಕುಸಿದು ಬೀಳಬಹುದು. ಮನೆಯವರ ಮೇಲೆ ರೇಗಬೇಡಿ. ಬೇರೆ ದಾರಿ ಕಾಣದವರು ಹೀಗೆ ಮಾಡುತ್ತಾರೆ. ಕುಡಿಯುವವರ ಮನೆಯವರಿಗೆಂದೇ 1951ರಿಂದ ಆಲ್-ಅನಾನ್ ಎಂಬ ಗುಂಪಿದೆ, ಅವರಿಗೂ ತಿಳಿಸಿ.

ಈಗ ಸಭೆಯ ವಿಚಾರ. ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡಿದು ಹೈರಾಣಾದವರು, ಎದುರುಬದುರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಇಂದಿಗೂ ಅಲ್ಲಿ ನಡೆಯುವುದು ಅದೇ. ಪ್ಲಾಸ್ಟಿಕ್ ಕುರ್ಚಿಗಳು, ಚಹಾ, ಗಂಟೆ ಒಂದೂವರೆ ಗಂಟೆಯ ಮಾತು. ಒಬ್ಬರು ತಮ್ಮ ಕಥೆ ಹೇಳುವಾಗ ಮಿಕ್ಕವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. (ನಮ್ಮ ಜನ ಒಂದು ಗಂಟೆ ಬುದ್ಧಿ ಹೇಳದೆ ಕೂರುವ ಜಾಗ ಇನ್ನೆಲ್ಲಿದೆಯೋ ನಾನು ಕಾಣೆ.) ಶುಲ್ಕವಿಲ್ಲ. ಕೊನೆಗೆ ಬಾಡಿಗೆ, ಚಹಾದ ಖರ್ಚಿಗೆಂದು ಒಂದು ಚೀಲವೋ ಡಬ್ಬಿಯೋ ಬರುತ್ತದೆ, ಹೊಸಬರು ಹಾಕಬೇಕೆಂದೇನಿಲ್ಲ. ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ಮನೆ ಕೇಳುತ್ತ ಕೂರಬಹುದು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ನಡುವೆ ಜಾರಿ ಬಿದ್ದವರನ್ನೂ ಹೊರಗೆ ಹಾಕುವುದಿಲ್ಲ. ಅವರು ಮತ್ತೆ ಒಂದನೆಯ ದಿನದಿಂದ ಎಣಿಸುತ್ತಾರೆ.

ಸಭೆ ಚರ್ಚಿನ ಹಾಲ್‌ನಲ್ಲಿದ್ದರೆ ಅಳುಕಬೇಡಿ. ಜಾಗ ಸಿಕ್ಕಿದ್ದು ಅಲ್ಲಿ, ಅಷ್ಟೇ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರು ಯಾರೆಂಬುದು ನಿಮಗೇ ಬಿಟ್ಟದ್ದು. ಅಯ್ಯಪ್ಪನಾದರೂ ಆದೀತು.

ಮಾನದ ಮಾತು ಬಂತು. ಸಂಜೆ ಬಾರಿನಿಂದ ಹೊರಬರುವಾಗ ಊರು ಕಣ್ಣು ಮುಚ್ಚಿಕೊಂಡಿರುತ್ತದೆ ಎಂದುಕೊಂಡಿದ್ದೀರಾ? ಸಭೆಯಲ್ಲಿ ನಿಮ್ಮನ್ನು ಕಂಡ ಪರಿಚಿತರೂ ನಿಮ್ಮಂತೆಯೇ ಬಂದವರು. ಅಲ್ಲಿ ಕಂಡದ್ದು, ಕೇಳಿದ್ದು ಅಲ್ಲೇ ಉಳಿಯಬೇಕೆಂಬುದು ಅವರ ಕಟ್ಟುಪಾಡು. ಆದರೂ ಮನಸ್ಸು ಒಪ್ಪದಿದ್ದರೆ ಪಕ್ಕದ ಊರಿನ ಸಭೆಗೆ ಬಸ್ಸು ಹತ್ತಿ. ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಸಭೆಗಳಿವೆ. ಕೆಲವು ಸಭೆಗಳಿಗೆ ಯಾರು ಬೇಕಾದರೂ ಬರಬಹುದು, ಕೆಲವು ಕುಡಿತದ ತೊಂದರೆ ಇರುವವರಿಗೆ ಮಾತ್ರ. ಫೋನಿನಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದು ನೋಡಿ. ನಾಲ್ಕೈದಕ್ಕೆ ಹೋಗದೆ ತೀರ್ಪು ಕೊಡಬೇಡಿ.

ಎ.ಎ. ಒಂದೇ ದಾರಿಯಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿ ಪಟ್ಟಣಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಆ ಎಂಟು ದಿನಕ್ಕಿಂತ, ಆಮೇಲೆ ಬಿಟ್ಟವರೆಲ್ಲ ಕೂಡುವ ನವಜೀವನ ಸಮಿತಿಯೇ ನನ್ನ ಲೆಕ್ಕದಲ್ಲಿ ದೊಡ್ಡದು. ನಿಮ್ಮ ಮಾಲೆಗೆ ಇಲ್ಲದೇ ಹೋದದ್ದು ಅದೇ.

ಮೊದಲ ಫೋನು ಇವತ್ತೇ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಟೆಲಿ-ಮಾನಸ್‌ನಲ್ಲಿ ರಾತ್ರಿ ಹಗಲೆನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.