ಉಡುಗೆ ಮತ್ತು ಆಚಾರ: ಗಂಡುಮಗು ಹೆಣ್ಣುಡುಗೆ ತೊಟ್ಟರೆ ದೋಷವೇ?

ಮನುಷ್ಯನ ಉಡುಗೆಗೆ ಮೂರು ಪ್ರಯೋಜನಗಳುಂಟು. ಚಳಿ ಬಿಸಿಲುಗಳಿಂದ ದೇಹವನ್ನು ಕಾಯುವುದು ಒಂದು. ಮಾನವನ್ನು ಮುಚ್ಚುವುದು ಎರಡು. ಇವರು ಇಂತಹವರೆಂಬ ಗುರುತನ್ನು ಲೋಕಕ್ಕೆ ತೋರುವುದು ಮೂರು. ಮೊದಲೆರಡರಲ್ಲಿ ಸ್ತ್ರೀಪುರುಷರೆಂಬ ಭೇದವಿಲ್ಲ. ಭೇದವೆಲ್ಲವೂ ಮೂರನೆಯದರಲ್ಲಿಯೇ ಇರುವುದು. ಅದಾದರೋ ದೇಶಕಾಲಗಳನ್ನು ಅನುಸರಿಸಿ ಮಾರ್ಪಡುವ ರೂಢಿ. ಹೀಗಿರಲಾಗಿ, ಮನೆಯ ಗಂಡುಮಗುವೊಂದು ಅಕ್ಕನ ಲಂಗವನ್ನುಟ್ಟು, ಕೈಗೆ ಬಳೆ ತೊಟ್ಟು, ಕನ್ನಡಿಯ ಮುಂದೆ ನಿಂತರೆ ಗೃಹಸ್ಥನಾದವನು ಏನು ಮಾಡತಕ್ಕದ್ದು? ಗದರಿ ಬಿಚ್ಚಿಸಬೇಕೆ, ಅಥವಾ ಅದರ ಇಷ್ಟಕ್ಕೆ ಬಿಡಬೇಕೆ? ಇದು ಮೇಲುನೋಟಕ್ಕೆ ಸಣ್ಣ ಪ್ರಶ್ನೆಯಾಗಿ ತೋರಿದರೂ ಶರಣತತ್ತ್ವದ ಒಳಗನ್ನು ಮುಟ್ಟುವಂತಹುದು.

ಮೊದಲು ಪೂರ್ವಪಕ್ಷವನ್ನು ನೋಡೋಣ. “ಗಂಡಿಗೆ ಗಂಡಿನ ಉಡುಗೆ, ಹೆಣ್ಣಿಗೆ ಹೆಣ್ಣಿನ ಉಡುಗೆ, ಇದು ಹಿರಿಯರು ಇಟ್ಟ ಮರ್ಯಾದೆ. ಇದನ್ನು ಮೀರಿದರೆ ಕುಲಾಚಾರ ಕೆಡುವುದು, ಮಗನ ಗಂಡಸುತನ ಕುಂದುವುದು, ನಾಲ್ಕು ಜನರಲ್ಲಿ ಮನೆಯ ಮಾನ ಹೋಗುವುದು” ಎಂದು ಕೆಲವರು ಆಕ್ಷೇಪಿಸುವರು. ಈ ಮೂರು ಭಯಗಳೂ ತಾಯಿತಂದೆಗಳ ಹೃದಯದಲ್ಲಿ ಸಹಜವಾಗಿಯೇ ಹುಟ್ಟುವುವು. ಆದುದರಿಂದ ಇವನ್ನು ಹಳಿಯದೆ ಒಂದೊಂದಾಗಿ ವಿಚಾರಿಸುವುದು ಯುಕ್ತ.

ಆಚಾರದ ಮಾತು ಮೊದಲು. ವೀರಶೈವನಿಗೆ ವಿಧಿಸಲ್ಪಟ್ಟ ಲಾಂಛನಗಳು ಯಾವುವು? ಕೊರಳಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಮೈಮೇಲೆ ರುದ್ರಾಕ್ಷಿ. ಇವುಗಳಲ್ಲಿ ಗಂಡಿನದು ಬೇರೆ, ಹೆಣ್ಣಿನದು ಬೇರೆ ಎಂಬುದಿಲ್ಲ. ಹುಟ್ಟಿದ ಶಿಶು ಗಂಡಾಗಲಿ ಹೆಣ್ಣಾಗಲಿ, ಅದಕ್ಕೆ ಲಿಂಗಧಾರಣೆಯಾಗುವುದು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಪಂಚಾಚಾರಗಳಲ್ಲಿಯೂ ಪರಿಶೀಲನೆಗೆ ಒಳಗಾಗುವುದು ನಡತೆ, ಬಟ್ಟೆಯಲ್ಲ. ಲಂಗವೂ ಷರಾಯಿಯೂ ರೂಢಿಯ ವಿಷಯವೇ ಹೊರತು ಆಚಾರದ ವಿಷಯವಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಶರಣರ ಅನುಭಾವವನ್ನು ನೋಡಬೇಕು. ಮುದನೂರಿನ ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಲೋಕಕ್ಕೆ ಬಟ್ಟೆಯನ್ನು ಕೊಟ್ಟವರು. ದೇಹದ ಚಿಹ್ನೆಗಳನ್ನು ಕಂಡು ಲೋಕವು ಗಂಡು ಹೆಣ್ಣೆಂದು ಹೆಸರಿಟ್ಟರೂ ಒಳಗೆ ಸುಳಿಯುವ ಆತ್ಮವು ಎರಡೂ ಅಲ್ಲವೆಂದು ಸಾರಿದವರು ಅವರೇ. ಗೊಗ್ಗವ್ವೆಯ ವಚನದಲ್ಲಿಯೂ ಇದೇ ತತ್ತ್ವವು ಕಾಣುವುದು. ಮಗ್ಗದ ಮೇಲಿನ ನೂಲಿಗೆ ಲಿಂಗಭೇದವಿಲ್ಲ; ಅದನ್ನು ಸೀರೆಯೆಂದೂ ಧೋತರವೆಂದೂ ಹೆಸರಿಸುವುದು ಆಮೇಲಿನ ಮಾತು. ಬಸವಣ್ಣನವರು ಇನ್ನೂ ಮುಂದೆ ಹೋಗಿ, ತಾವು ತೊಟ್ಟ ಗಂಡುಡುಗೆಯೂ ಕೂಡಲಸಂಗಮದೇವನ ಸಲುವಾಗಿ ಧರಿಸಿದ ವೇಷವೆಂಬ ಭಾವವನ್ನು ಒಂದು ವಚನದಲ್ಲಿ ತೋರಿರುವರು. ಉರಿಲಿಂಗದೇವರೂ ಗಜೇಶ ಮಸಣಯ್ಯನವರೂ ಪುರುಷದೇಹದಲ್ಲಿದ್ದುಕೊಂಡೇ ಲಿಂಗವನ್ನು ಪತಿಯೆಂದು, ತಮ್ಮನ್ನು ಸತಿಯೆಂದು ಭಾವಿಸಿ ವಚನಗಳನ್ನು ನುಡಿದರು. ಹೆಣ್ಣಿನ ಭಾವವನ್ನು ತಾಳಿದುದರಿಂದ ಅವರ ಶರಣತ್ವ ಕುಂದಲಿಲ್ಲ, ಹಣ್ಣಾಯಿತು.

ಗಂಡಸುತನ ಕುಂದುವುದೆಂಬ ಭಯವು ಎರಡನೆಯದು. ಇಲ್ಲಿ ಒಂದು ಸೂಕ್ಷ್ಮವಿದೆ. ಇಂದು ಹೆಣ್ಣುಮಗಳು ಷರಟು ಷರಾಯಿ ತೊಟ್ಟು ಶಾಲೆಗೆ ಹೋದರೆ ತಾಯಿತಂದೆಗಳು ಹೆಮ್ಮೆಪಡುವರು. ಗಂಡುಮಗು ಲಂಗ ತೊಟ್ಟರೆ ಮಾತ್ರ ನಾಚುವರು. ಇದೇಕೆ? ಹೆಣ್ಣು ಗಂಡಿನಂತಾಗುವುದು ಏರಿಕೆಯೆಂದೂ, ಗಂಡು ಹೆಣ್ಣಿನಂತಾಗುವುದು ಇಳಿತವೆಂದೂ ಮನಸ್ಸಿನ ಮೂಲೆಯಲ್ಲಿ ಎಣಿಕೆಯಿರುವುದರಿಂದಲ್ಲವೆ? ಹೆಣ್ಣು ಕೀಳೆಂಬ ಆ ಎಣಿಕೆಯನ್ನೇ ಶರಣರು ೧೨ನೆಯ ಶತಮಾನದಲ್ಲಿ ಬೇರುಸಹಿತ ಕೀಳಹೊರಟರು. ಕಾರಣ, ಲಂಗವುಟ್ಟ ಮಗುವನ್ನು ಹೀಯಾಳಿಸುವವನು ತಿಳಿಯದೆ ತನ್ನ ತಾಯಿಯನ್ನೂ ತಂಗಿಯನ್ನೂ ಹೀಯಾಳಿಸುತ್ತಾನೆ.

ನಮ್ಮ ನಾಡಿನ ರೂಢಿಯೂ ಈ ಭಯಕ್ಕೆ ಪೂರ್ಣ ಸಾಕ್ಷಿಯಾಗದು. ಜವಳ ತೆಗೆಯುವ ಮುನ್ನ ಗಂಡುಕೂಸಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ನಲಿಯುವ ಮನೆಗಳೆಷ್ಟೋ ಉಂಟು. ಯಕ್ಷಗಾನದಲ್ಲಿಯೂ ದೊಡ್ಡಾಟದಲ್ಲಿಯೂ ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ಧರಿಸಿದರು. ಬೆಂಗಳೂರಿನ ಕರಗವನ್ನು ಹೊರುವ ಅರ್ಚಕನು ಸ್ತ್ರೀಯಂತೆ ಅಲಂಕೃತನಾಗಿಯೇ ಬರುವನು, ಜನರು ಕೈಮುಗಿಯುವರು. ಮರಾಠಿ ರಂಗಭೂಮಿಯ ಬಾಲಗಂಧರ್ವರು (೧೮೮೮-೧೯೬೭) ಸೀರೆಯುಟ್ಟ ಬಗೆಯನ್ನು ಕುಲೀನ ಸ್ತ್ರೀಯರು ಅನುಕರಿಸಿದರು. ವಿರಾಟನಗರದಲ್ಲಿ ಬೃಹನ್ನಳೆಯಾದ ಅರ್ಜುನನ ಪರಾಕ್ರಮವೇನೂ ಉಡುಗೆಯೊಡನೆ ಕಳಚಿಹೋಗಲಿಲ್ಲ. ರಂಗದ ಮೇಲೆಯೂ ದೇವರ ಮುಂದೆಯೂ ಸಲ್ಲುವ ಉಡುಗೆ ಮನೆಯ ಪಡಸಾಲೆಯಲ್ಲಿ ಪಾಪವಾಗುವುದು ಹೇಗೆ?

ಹಾಗಾದರೆ ವಚನಕಾರರು ವೇಷವನ್ನು ಕಟುವಾಗಿ ಖಂಡಿಸಿದರಲ್ಲ ಎಂದು ಕೇಳಬಹುದು. ನಿಜ. ಆದರೆ ಅವರು ಖಂಡಿಸಿದುದು ವಂಚನೆಯನ್ನು. ಒಳಗೆ ಭಕ್ತಿಯಿಲ್ಲದೆ ಹೊರಗೆ ಲಾಂಛನ ಹೊತ್ತು ಹೊಟ್ಟೆ ಹೊರೆಯುವುದನ್ನು. ಬಗೆಬಗೆಯ ವೇಷಗಳನ್ನು ತೊಟ್ಟು ಆಡುವುದನ್ನೇ ಕಾಯಕ ಮಾಡಿಕೊಂಡಿದ್ದ ಬಹುರೂಪಿ ಚೌಡಯ್ಯನವರನ್ನು ಶರಣಸಮೂಹವು ತನ್ನವರೆಂದೇ ಎಣಿಸಿತು. ಆಶೆಯಿಂದ ಉಟ್ಟು ಕನ್ನಡಿ ನೋಡುವ ಮಗುವಿನಲ್ಲಿ ವಂಚನೆಯೆಲ್ಲಿ? ಮನಸ್ಸಿನಲ್ಲಿರುವುದನ್ನೇ ಅದು ಹೊರಗೆ ತೋರುತ್ತಿದೆ. ಹೊಡೆತಕ್ಕೆ ಹೆದರಿ ಅದನ್ನು ಬಚ್ಚಿಡಲು ಕಲಿತ ದಿನವೇ ಮಗು ವಂಚನೆಯ ಮೊದಲ ಪಾಠವನ್ನು ಕಲಿತಂತಾಯಿತು.

ಮೂರನೆಯದು ಲೋಕದ ಮಾತು. ಇದಕ್ಕೆ ಅಕ್ಕಮಹಾದೇವಿಯವರ ಪ್ರಸಂಗವು ದಾರಿ ತೋರುವುದು. ಉಡುಗೆಯನ್ನೇ ತ್ಯಜಿಸಿ ಬಂದ ಅಕ್ಕನನ್ನು, ಕೂದಲಿನಿಂದ ಮೈಯನ್ನೇಕೆ ಮರೆಮಾಡಿರುವೆಯೆಂದು ಅಲ್ಲಮಪ್ರಭುಗಳು ಪ್ರಶ್ನಿಸಿದರು. ನೋಡುವವರ ಮನಸ್ಸು ನೋಯದಿರಲೆಂಬುದೇ ಅಕ್ಕನ ಉತ್ತರದ ತಾತ್ಪರ್ಯ. ಉಡುಗೆಯಲ್ಲಿ ಸ್ವಾತಂತ್ರ್ಯವೂ ಇರಬೇಕು, ಪರರ ಬಗೆಗೆ ಎಚ್ಚರವೂ ಇರಬೇಕು ಎಂಬುದು ಇದರಿಂದ ತಿಳಿಯುವುದು. ಮಾನ ಮುಚ್ಚುವ ಉಡುಗೆ, ವಂಚನೆಯಿಲ್ಲದ ಮನಸ್ಸು, ಸ್ಥಳ ಸಮಯಗಳ ಅರಿವು ಈ ಮೂರು ನಿಯಮಗಳು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನ.

ಮಕ್ಕಳಲ್ಲಿ ಅನೇಕರಿಗೆ ಇದು ಆಟ. ಕೆಲವು ದಿನಗಳಲ್ಲಿ ತಾನಾಗಿ ಮರೆಯುವುದು. ಕೆಲವರಿಗೆ ಕಲೆಯ ಒಲವು. ಅಪರೂಪಕ್ಕೆ ಕೆಲವರಲ್ಲಿ ಇದು ಹುಟ್ಟಿನೊಡನೆ ಬಂದ ಸ್ವಭಾವ. ಅದು ಉಡುಗೆಯಿಂದ ಬರುವುದೂ ಅಲ್ಲ, ದಂಡಿಸಿದರೆ ಹೋಗುವುದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ, ೨೦೨೨ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇಂತಹ ಸ್ವಭಾವವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ. ಭಾರತದ ಸರ್ವೋಚ್ಚ ನ್ಯಾಯಾಲಯವೂ ೨೦೧೪ರ ಏಪ್ರಿಲ್ ೧೫ರ ತೀರ್ಪಿನಲ್ಲಿ, ತಾನು ಭಾವಿಸುವ ಲಿಂಗವನ್ನು ಉಡುಗೆಯಿಂದಲೂ ನುಡಿಯಿಂದಲೂ ವ್ಯಕ್ತಪಡಿಸುವುದು ಸಂವಿಧಾನವು ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರುವುದೆಂದು ಹೇಳಿದೆ. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿ, ಹೆಣ್ಣಿನ ಭಾವವನ್ನು ಹೊತ್ತು, ಮನೆ ಬಿಟ್ಟು ಭಿಕ್ಷೆ ಬೇಡಿದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಆ ಗೌರವಕ್ಕೆ ನಾಡು ಹೆಮ್ಮೆಪಟ್ಟಿತು. ಆದರೆ ಭಿಕ್ಷೆಯ ದಾರಿಯಲ್ಲಿಯೇ ಉಳಿದವರೆಷ್ಟು, ಆ ದಾರಿಯನ್ನೂ ಕಾಣದೆ ಪ್ರಾಣ ಕಳೆದುಕೊಂಡವರೆಷ್ಟು ಎಂಬುದನ್ನು ಪ್ರತಿಯೊಂದು ಮನೆಯೂ ಚಿಂತಿಸಬೇಕು.

ಆದುದರಿಂದ ಗೃಹಸ್ಥರು ಅನುಸರಿಸತಕ್ಕ ಕ್ರಮವಿಷ್ಟು. ಹೊಡೆಯಬಾರದು, ಅಡ್ಡಹೆಸರಿಟ್ಟು ಕರೆಯಬಾರದು, ನೆಂಟರ ಮುಂದೆ ನಗೆಗೀಡು ಮಾಡಬಾರದು. ಮನೆಯಲ್ಲಿ ಉಟ್ಟರೆ ಉಡಲಿ. ಹೊರಗೆ ಉಟ್ಟುಹೋಗಲು ಬಯಸಿದರೆ ಬೀದಿಯಲ್ಲಿ ಎದುರಾಗಬಹುದಾದ ಕಷ್ಟವನ್ನು ಪ್ರೀತಿಯಿಂದ ತಿಳಿಸಿ, ಜೊತೆಗೆ ನಿಲ್ಲಬೇಕು. ಕೀಟಲೆ ಮಾಡುವ ಹುಡುಗರನ್ನು ತಿದ್ದುವುದು ಉಪಾಧ್ಯಾಯರ ಕರ್ತವ್ಯ. ಕೀಟಲೆಗೆ ಗುರಿಯಾದವನನ್ನು ದಂಡಿಸುವುದು ನ್ಯಾಯವಲ್ಲ. ಬೆಳೆದಂತೆ ಆ ಒಲವು ಹೋದರೆ ಹೋಗಲಿ, ನಿಂತರೆ ನಿಲ್ಲಲಿ, ಮಗು ಮನೆಯದೇ.

ಧರ್ಮಕ್ಕೆ ಆಧಾರ ದಯೆಯೆಂಬುದು ಬಸವಣ್ಣನವರ ಬೋಧೆ. ಆ ದಯೆ ಬೀದಿಯ ಬಡವನಿಗಿಂತ ಮೊದಲು ಮನೆಯ ಮಗುವಿಗೆ ಸಲ್ಲಬೇಕು. ಲಂಗವುಟ್ಟ ಮಗುವಿನ ಎದೆಯ ಮೇಲೆಯೂ ಲಿಂಗವಿರುವುದು. ಕೈಯೆತ್ತುವ ಮೊದಲು ತಂದೆಯಾದವನು ಅದನ್ನು ನೋಡಬೇಕು.